ಎಥಿಕಲ್ ಫಂಡ್ ನಿಫ್ಟಿಗಿಂತ ಹಿಂದೆ ಬಿದ್ದಿದೆ, ಬಿಡಲಾ?

ನೀವು ಕೇಳಿದ ಇದೇ ಪ್ರಶ್ನೆಯನ್ನು 2018ರ ಜನವರಿಯಲ್ಲಿ ನಾನೂ ಕೇಳಿಕೊಂಡಿದ್ದೆ. ಬಿಟ್ಟೂ ಬಿಟ್ಟೆ. ನೀವು ಬಿಡಬೇಡಿ.

ನಮ್ಮದು ಬಡ್ಡಿ ದುಡ್ಡು ಮುಟ್ಟದ ಮನೆ. ನಮ್ಮ ಅಬ್ಬಾ (ಅಪ್ಪ) ಪಾಸ್‌ಬುಕ್ಕಿನಲ್ಲಿ ಬಡ್ಡಿ ಬಿದ್ದ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಷ್ಟನ್ನೂ ಬಡವರಿಗೆ ಕೊಟ್ಟುಬಿಡುತ್ತಿದ್ದರು. ಹಾಗಾಗಿ ನಾನು 2013ರಿಂದ ತಿಂಗಳಿಗೆ 4,000 ರೂಪಾಯಿ ಒಂದು ಎಥಿಕಲ್ ಫಂಡಿಗೆ, ಅಂದರೆ ಇಸ್ಲಾಮಿನ ಶರಿಯಾ ನಿಯಮಕ್ಕೆ ಒಪ್ಪುವ ಷೇರುಗಳನ್ನಷ್ಟೇ ಕೊಳ್ಳುವ ಮ್ಯೂಚುವಲ್ ಫಂಡಿಗೆ, ಎಸ್‌ಐಪಿ ಹಾಕುತ್ತಿದ್ದೆ. 2017ರಲ್ಲಿ ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿ ಸುಮಾರು 40% ಏರಿತು. ಸ್ಟಾಫ್‌ರೂಮಿನಲ್ಲಿ ಗೆಳೆಯರೊಬ್ಬರು ತಮ್ಮ ಬ್ಯಾಂಕಿಂಗ್ ಫಂಡಿನ ಲಾಭವನ್ನು ಮೊಬೈಲಿನಲ್ಲಿ ತೋರಿಸಿದರು. ಆ ವಾರವೇ ನನ್ನದೆಲ್ಲ ಮಾರಿ ಅದಕ್ಕೇ ಹಾಕಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ನನ್ನ ತಪ್ಪು ಎಲ್ಲಿತ್ತು ಅಂದರೆ, ನಾನು ಪಕ್ಕದಲ್ಲಿಟ್ಟು ನೋಡಿದ್ದು 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ನ್ನು. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಬ್ಯಾಂಕು ಮತ್ತು ಸಾಲ ಕೊಡುವ ಕಂಪನಿಗಳೇ. ಶರಿಯಾ ಫಂಡಿನಲ್ಲಿ ಅವು ಒಂದೂ ಇರುವುದಿಲ್ಲ. ವಿಮೆ, ಮದ್ಯ, ಸಿಗರೇಟು ಕೂಡ ಇಲ್ಲ. ತೀರಾ ಸಾಲ ಮಾಡಿಕೊಂಡ ಕಂಪನಿಯೂ ಹೊರಗೇ. ಉಳಿಯುವುದರಲ್ಲಿ ಐಟಿ, ಔಷಧ, ಸೋಪು-ಪೇಸ್ಟಿನ ಕಂಪನಿಗಳ ಪಾಲು ಜಾಸ್ತಿ. ಹಾಗಿದ್ದ ಮೇಲೆ ಬ್ಯಾಂಕ್ ಷೇರು ಓಡಿದ ವರ್ಷ ಫಂಡು ಹಿಂದೆ ಬೀಳಲೇಬೇಕು ಅಲ್ವಾ? ಅದು ಫಂಡಿನ ದೋಷವಲ್ಲ, ನಾವೇ ಬೇಕೆಂದು ಆರಿಸಿಕೊಂಡ ನಿಯಮ. ಫಂಡು ಚೆನ್ನಾಗಿ ನಡೆಯುತ್ತಿದೆಯಾ ಅಂತ ನೋಡಬೇಕಿದ್ದರೆ, ಶರಿಯಾಕ್ಕೆ ಒಪ್ಪುವ ಕಂಪನಿಗಳಷ್ಟೇ ಇರುವ ನಿಫ್ಟಿ 500 ಶರಿಯಾ ಸೂಚ್ಯಂಕದ ಜೊತೆ ಇಟ್ಟು ನೋಡಬೇಕಿತ್ತು. ನಾನು ಒಂದು ದಿನವೂ ನೋಡಿರಲಿಲ್ಲ. ಐದು ವರ್ಷದ ದುಡ್ಡನ್ನು ಒಂದೇ ವರ್ಷದ ಅಂಕಿ ನೋಡಿ ಎತ್ತಿದೆ.

2020ರ ಮಾರ್ಚ್ 23ರಂದು, ಹಿಂದಿನ ಡಿಸೆಂಬರಿನಲ್ಲಿ 32,000 ದಾಟಿದ್ದ ಬ್ಯಾಂಕ್ ನಿಫ್ಟಿ 17,000ಕ್ಕಿಂತ ಕೆಳಗಿತ್ತು. ಮೇ ತಿಂಗಳಲ್ಲಿ ಮಗಳ ಫೀಸು ಕಟ್ಟಬೇಕಿತ್ತು. ನಷ್ಟಕ್ಕೇ ಮಾರಿದೆ. ಅದೇ ವರ್ಷ ಐಟಿ ಮತ್ತು ಫಾರ್ಮಾ ಸೂಚ್ಯಂಕ ಎರಡೂ 50%ಗಿಂತ ಜಾಸ್ತಿ ಏರಿದವು. ನಾನು ಬಿಟ್ಟು ಬಂದಿದ್ದು ಅವನ್ನೇ. ದುಡ್ಡೂ ಹೋಯಿತು, ನಿಯಮವನ್ನೂ ಮುರಿದಿದ್ದೆ. ಎರಡನೆಯದು ಇವತ್ತಿಗೂ ಚುಚ್ಚುತ್ತದೆ.

ಹಾಗಂತ ಶರಿಯಾ ಫಂಡೇ ಯಾವಾಗಲೂ ಮೇಲು ಅಂತ ಹೇಳುತ್ತಿಲ್ಲ. 2022ರಲ್ಲಿ ಐಟಿ ಸೂಚ್ಯಂಕ ಕಾಲು ಭಾಗ ಕಳೆದುಕೊಂಡಿತು, ಬ್ಯಾಂಕುಗಳು ಏರಿದವು. ಶರಿಯಾ ಫಂಡು ಮತ್ತೆ ಹಿಂದೆ ಬಿತ್ತು. ಇದು ಹೀಗೇ ನಡೆಯುತ್ತದೆ.

"ಧರ್ಮಕ್ಕೋಸ್ಕರ ಎಷ್ಟು ಪರ್ಸೆಂಟ್ ಕಳೆದುಕೊಳ್ಳಬೇಕು" ಅಂತಲೂ ಕೇಳಿದ್ದೀರಿ. ಆ ಪ್ರಶ್ನೆಯೇ ಸರಿ ಇಲ್ಲ. ಬಡ್ಡಿಯ ವ್ಯಾಪಾರದ ಲಾಭ ಬೇಡ ಅಂತ ನೀವೇ ನಿರ್ಧರಿಸಿದ ಮೇಲೆ ಅದು ನಿಮ್ಮದಾಗಬೇಕಿದ್ದ ದುಡ್ಡೇ ಅಲ್ಲ, ಕಳೆದುಕೊಳ್ಳುವುದೆಲ್ಲಿ ಬಂತು? ಅದು ಸಿಗಲಿಲ್ಲ ಅಂತ ಸಂಕಟ ಆಗುತ್ತಿದ್ದರೆ ಮೊದಲು ಅದನ್ನು ಮನೆಯವರ ಜೊತೆ ಮಾತಾಡಿ. ನಾನು ಆಡಲಿಲ್ಲ.

ಫಂಡು ಬದಲಿಸಲೇಬೇಕು ಅನ್ನಿಸಿದರೆ ಟಾಟಾ ಎಥಿಕಲ್, ಟಾರಸ್ ಎಥಿಕಲ್ ಎರಡನ್ನೂ ಶರಿಯಾ ಸೂಚ್ಯಂಕದ ಜೊತೆ ಇಟ್ಟು ಕನಿಷ್ಠ ಏಳು ವರ್ಷದ ಲೆಕ್ಕ ನೋಡಿ. ಏಜೆಂಟ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ತಗೊಳ್ಳಿ, ಖರ್ಚು ಕಡಿಮೆ. ಮೂರು ವರ್ಷದೊಳಗೆ ಬೇಕಾಗುವ ಫೀಸಿನ ದುಡ್ಡನ್ನು ಮಾತ್ರ ಇಲ್ಲಿ ಹಾಕಲೇಬೇಡಿ.