ಐದು ಸೀಟಿನ ಟ್ಯಾಕ್ಸಿಯಲ್ಲಿ ಎಂಟು ಜನ: ಗರ್ ಸದ್ದು, 600 ರೂಪಾಯಿ ದಂಡ

ನೀವೂ ಸೇರಿ ಎಂಟು ಜನ ಟ್ಯಾಕ್ಸಿಯಲ್ಲಿ ಹೊರಟಾಗ ಹಂಪ್‌ನಲ್ಲಿ ಗರ್ ಅಂತ ಸದ್ದು ಬಂತು, ಪೊಲೀಸರು 600 ರೂಪಾಯಿ ದಂಡ ಹಾಕಿ ಮೂವರನ್ನು ಇಳಿಸಿದರು, ಇದು ಸರಿಯಾ ಅಂತ ಕೇಳಿದ್ದೀರಿ. ಆ ಸದ್ದು ಬಹುಶಃ ಹಿಂದಿನ ಟೈರ್ ಗಾಡಿಯ ಮೈಗೆ ಉಜ್ಜಿದ್ದು. ಐದು ಸೀಟಿನ ಟ್ಯಾಕ್ಸಿಯಲ್ಲಿ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಎಂಟು ಜನ ಅಂದರೆ ಸ್ಪ್ರಿಂಗ್ ಕುಗ್ಗದೆ ಇರುತ್ತಾ? ಮೊದಲು ಟೈರಿನ ಎರಡೂ ಬದಿಗೆ ಕೈಯಾಡಿಸಿ. ಸೀಳು ಸಿಕ್ಕರೆ, ಒಳಗಿನ ದಾರ ಕಂಡರೆ, ಬದಲಿಸದೆ ಹೊರಡಬೇಡಿ. ಬಿಸಿಲಲ್ಲಿ ಸ್ಪೀಡಾಗಿ ಹೋಗುವಾಗ ಒಡೆಯೋದು ಅಲ್ಲೇ. ಟೈರ್ ಚೆನ್ನಾಗಿದ್ದರೆ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗಿದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಿ.

ದಂಡ ಸರಿಯಾಗೇ ಇದೆ. ಹಳದಿ ಬೋರ್ಡ್ ಗಾಡಿಯಲ್ಲಿ ಜಾಸ್ತಿ ಇರೋ ಒಬ್ಬೊಬ್ಬರಿಗೂ 200 ರೂಪಾಯಿ, ಮೋಟಾರು ವಾಹನ ಕಾಯ್ದೆಯ 194ಎ ಕಲಂ ಪ್ರಕಾರ. ಮೂವರನ್ನು ಇಳಿಸಿದ್ದು ಪೊಲೀಸರ ದರ್ಪ ಅಲ್ಲ. ಅವರಿಗೆ ಬೇರೆ ಗಾಡಿ ಆಗೋ ತನಕ ನಿಮ್ಮದನ್ನು ಬಿಡುವಂತಿಲ್ಲ ಅಂತ ಆ ಕಲಂನಲ್ಲೇ ಇದೆ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಇರುವ 5 ಸೀಟಿನಲ್ಲಿ ಡ್ರೈವರೂ ಸೇರಿದ್ದಾರೆ. ಹಾಗಾಗಿ ವಾಪಸ್ ಬರುವಾಗ ನಾಲ್ವರನ್ನು ಕೂರಿಸಿಕೊಂಡು, ಉಳಿದವರನ್ನು ಬಸ್ ಹತ್ತಿಸಿ.