ಮೆದುಳಿನ ಸ್ಕ್ಯಾನ್‌ನಾಗ ಕುಡಿತ ಕಾಣ್ತದೇನ್ರಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೆ, ನಾವು ಶಹಾಪುರ ಕಡಿಯವ್ರು. ನಮ್ಮನಿಯವ್ರಿಗಿ 46 ವರ್ಷ, ದಿನಾ ಒಂದ್ ಕ್ವಾರ್ಟರ್ ವಿಸ್ಕಿ ಬೇಕೇ ಬೇಕು. ಈಗೀಗ ಮರವು ಜಾಸ್ತಿ ಆಗ್ಯದ, ಆಳಿನ ಪಗಾರದ ಲೆಕ್ಕ ಎರಡೆರಡು ಸಲ ಹೇಳಿದ್ರೂ ತಲ್ಯಾಗ ನಿಂದ್ರಲ್ಲ. ಕಲಬುರಗಿಗಿ ಹೋಗಿ ಎಂಆರ್‌ಐ ಮಾಡ್ಸಿದ್ವಿ, ರಿಪೋರ್ಟ್‌ನಾಗ 'ಮೈಲ್ಡ್ ಸೆರೆಬ್ರಲ್ ಅಟ್ರೋಫಿ' ಅಂತ ಬರ್ದಾರ. ಮೈಲ್ಡ್ ಅಂದ್ರ ಏನೂ ಇಲ್ಲ, ವಯಸ್ಸಿಂದು ಅಂತಾರ ಇವ್ರು. ಖರೇ ಏನ್ರಿ? ಕುಡಿಯೋದು ಬಿಟ್ರ ಸರಿ ಆಗ್ತದಾ?
— ಒಬ್ಬ ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ತಂಗೆಮ್ಮ, 46ಕ್ಕೇ ವಯಸ್ಸಿಂದು ಅಂತ ಬಿಟ್ಟುಬಿಡ್ಲಾಕ ಬರಲ್ಲ. ಅಟ್ರೋಫಿ ಅಂದ್ರ ಮೆದುಳು ಸೊರಗಿ ಸಣ್ಣಗಾಗೋದು, ಫಿಲ್ಮ್ ಬೆಳಕಿಗಿ ಹಿಡ್ದು ನೋಡಿದ್ರ ಮೆದುಳಿನ ಮಡಿಕೆಗಳ ನಡು ಇರೋ ಕಪ್ಪನ ಸಂದಿ ಅಗಲ ಆಗಿರ್ತಾವ, ಒಳಗ ನೀರು ತುಂಬಿರೋ ಜಾಗಾನೂ ಹಿಗ್ಗಿರ್ತದ. ಭಾಳ ವರ್ಷ ಕುಡಿದವ್ರಿಗಿ ಹಣಿ ಹಿಂದಿನ ಭಾಗಕ್ಕ ಪೆಟ್ಟು ಹೆಚ್ಚು, ಸಾಕು ಇವತ್ತ ಬ್ಯಾಡ ಅಂತ ತಡಿಯೋದೇ ಆ ಭಾಗ, ಅದಕ್ಕೇ ಮುಂಜಾನಿ ಆಣೆ ಮಾಡಿದವ್ರು ಸಂಜಿಗಿ ಮತ್ತ ಅಂಗಡಿ ಮುಂದ ನಿಂತಿರ್ತಾರ, ಅದನ್ನ ಬರೀ ಹಟ ಅಂತ ಬೈಬ್ಯಾಡ್ರಿ.

ಬ್ರಿಟನ್‌ನಾಗ 36 ಸಾವಿರಕ್ಕೂ ಹೆಚ್ಚು ಮಂದಿಯ ಎಂಆರ್‌ಐ ನೋಡಿ ಮಾಡಿದ ಅಧ್ಯಯನ 2022ರಾಗ ಬಂತು. 50 ವರ್ಷದವ್ರು ದಿನಕ್ಕ 4 ಯೂನಿಟ್ ಕುಡಿತಿದ್ರ ಮೆದುಳಿಗಿ 10 ವರ್ಷಕ್ಕೂ ಹೆಚ್ಚು ಮುಪ್ಪು ಬಂದಷ್ಟು ಫರಕ್ ಕಂಡಿತ್ತು. ಅಲ್ಲಿ ಒಂದ್ ಯೂನಿಟ್ ಅಂದ್ರ 8 ಗ್ರಾಂ ಆಲ್ಕೋಹಾಲ್, ನಮ್ಮ 180 ಎಂಎಲ್ ಕ್ವಾರ್ಟರ್‌ನಾಗ ಸುಮಾರು 60 ಗ್ರಾಂ ಇರ್ತದ, ಅಂದ್ರ ಏಳೂವರಿ ಯೂನಿಟ್ ಆತು. ಯಜಮಾನ್ರಿಗಿ ಈ ಲೆಕ್ಕ ತೋರಿಸ್ರಿ. ಅಂದ್ರೂ ಅಟ್ರೋಫಿಗಿ ಕುಡಿತ ಒಂದೇ ಕಾರಣ ಅಂತ ಸ್ಕ್ಯಾನ್ ಹೇಳಲ್ಲ, ಬಿಪಿ, ಶುಗರ್, ಥೈರಾಯ್ಡ್, ಬಿ12 ಇವನ್ನೂ ನೋಡಿಸ್ರಿ.

ಬಿಟ್ರ ಸರಿ ಆಗ್ತದಾ ಅಂದ್ರ, ಪೂರ್ತಿ ಅಂತ ಮಾತು ಕೊಡಲ್ಲ, ಆದ್ರ ಭಾಳ ಮಂದಿಗಿ ಸುಧಾರಿಸ್ತದ. ಬಿಟ್ಟವ್ರಿಗಿ ಮತ್ತ ಸ್ಕ್ಯಾನ್ ಮಾಡಿ ನೋಡ್ಯಾರ, ಸೊರಗಿದ್ದ ಮೆದುಳು ಒಂದಿಷ್ಟು ವಾಪಸ್ ತುಂಬ್ಕೊಂತದ, ಅದೂ ಮೊದಲ ಕೆಲವು ವಾರದಾಗೇ ಹೆಚ್ಚು.

ಆದ್ರ ದಿನಾ ಕುಡಿಯೋರನ್ನ ಮನ್ಯಾಗ ಕೂಡಿಹಾಕಿ ಒಮ್ಮಿಗೇ ಬಿಡಿಸ್ಬ್ಯಾಡ್ರಿ, ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಂಡಂಗಾಗಿ ಜೀವಕ್ಕೇ ಕುತ್ತು ಬರ್ತದ. ಜಿಲ್ಲಾ ಆಸ್ಪತ್ರಿ ಮಾನಸಿಕ ವಿಭಾಗಕ್ಕ ಕರ್ಕೊಂಡ್ ಹೋಗ್ರಿ, ಮೊದಲು ಫೋನ್‌ನಾಗ ಮಾತಾಡ್ಬೇಕಂದ್ರ ಟೆಲಿ ಮಾನಸ್ 14416 ಅದ, ರೊಕ್ಕ ಹತ್ತಲ್ಲ, ಕನ್ನಡದಾಗೇ ಮಾತಾಡ್ತಾರ.

ಇನ್ನೊಂದು ಮಾತು, ಇದು ಭಾಳ ಮುಖ್ಯ. ಸುಸ್ತು ಅಂದಕೂಡ್ಲೆ ಗ್ಲೂಕೋಸ್ ಬಾಟ್ಲಿ ಹಾಕ್ರಿ ಅಂತ ನಮ್ ಕಡಿ ಮಂದಿ ಕೇಳ್ತಾರಲ್ಲ, ಕುಡಿಯೋರ ಮೈಯಾಗ ಬಿ1 ವಿಟಮಿನ್ ಕಮ್ಮಿ ಇರ್ತದ, ಅದನ್ನ ಕೊಡದೆ ಬರೇ ಗ್ಲೂಕೋಸ್ ಏರಿಸಿದ್ರ ಮೆದುಳಿಗಿ ಇನ್ನೂ ಪೆಟ್ಟು ಬೀಳಬಹುದು. ಯಾವ ದವಾಖಾನಿಗಿ ಹೋದ್ರೂ ಇವ್ರು ದಿನಾ ಕುಡಿತಾರಂತ ನಾಚ್ಕೊಳ್ಳದೇ ಮೊದಲೇ ಹೇಳ್ರಿ. ಒಂದ್ ವೇಳೆ ನಡಿಯುವಾಗ ತೂರಾಡಿ, ಒಂದಿದ್ದದ್ದು ಎರಡಾಗಿ ಕಂಡು, ಮಾತು ಗಲಿಬಿಲಿ ಆಗ್ಲಾಕ ಹತ್ತಿದ್ರ, ಕುಡಿದದ್ದು ಇಳೀಲಿ ಅಂತ ಕಾಯಬ್ಯಾಡ್ರಿ, ಅವತ್ತೇ ಎಮರ್ಜೆನ್ಸಿಗಿ ಒಯ್ರಿ.