ವೆಬ್‌ಸೈಟ್ ಕೆಲಸದಲ್ಲಿ ಡಿಸೈನರ್, ಡೆವಲಪರ್, ಕ್ಲೈಂಟ್ ಮೂವರೂ ಒಂದೇ ದಾರಿಗೆ ಬರೋದು ಹೇಗೆ?

ಡಿಸೈನರ್ ತೋರಿಸಿದ್ದು ಒಂದು, ಡೆವಲಪರ್ ಕಟ್ಟಿದ್ದು ಇನ್ನೊಂದು, ಕ್ಲೈಂಟ್ ಎರಡನ್ನೂ ಒಪ್ಪಲ್ಲ, ತಪ್ಪು ಯಾರದ್ದು ಅಂತ ಕೇಳಿದ್ದೀರಿ. ನಾನು ಡೆವಲಪರ್. ನಾನು ಕಂಡ ಹಾಗೆ, ಸೈಟಿಗೆ ಹಾಕಬೇಕಾದ ಬರಹ ಎಲ್ಲಕ್ಕಿಂತ ಕೊನೆಗೆ ಬರೋದರಿಂದಲೇ ಅರ್ಧ ಜಗಳ.

ಒಂದು ಸಹಕಾರ ಸಂಘದ ಸೈಟ್ ಮಾಡುತ್ತಿದ್ದೆವು. ಡಿಸೈನರ್ ಫಿಗ್ಮಾ ಅನ್ನುವ ಡಿಸೈನ್ ತಂತ್ರಾಂಶದಲ್ಲಿ ಚೆಂದದ ಪುಟಗಳನ್ನು ಮಾಡಿದ್ದರು. ಒಳಗಿದ್ದದ್ದೆಲ್ಲ ಲೋರೆಮ್ ಇಪ್ಸಮ್, ಅಂದರೆ ಜಾಗ ತುಂಬಿಸೋಕೆ ಹಾಕುವ ಅರ್ಥವಿಲ್ಲದ ಬರಹ. ನಾನೂ ಅದನ್ನೇ ನೋಡಿ ಕೋಡ್ ಬರೆದೆ. ಸೈಟ್ ಶುರುವಾಗೋಕೆ ಇನ್ನೊಂದು ವಾರ ಇದೆ ಅನ್ನುವಾಗ ಸಂಘದ ಕಾರ್ಯದರ್ಶಿಗಳು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಿದರು. ಹಳೆ ನುಡಿ ಫಾಂಟಿನ ಬರಹ ಯೂನಿಕೋಡ್, ಅಂದರೆ ಇವತ್ತು ಫೋನು, ಕಂಪ್ಯೂಟರ್ ಎಲ್ಲಕ್ಕೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲ. ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಬದಲಾಯಿಸಿದ ಮೇಲೂ ಅಲ್ಲಲ್ಲಿ ಅರ್ಕಾವತ್ತು ತಪ್ಪಿತ್ತು. ಸಾಲು ಸಾಲಾಗಿ ತಿದ್ದಿದೆವು.

ಮೆನುವಿನಲ್ಲಿ 'ಎಫ್‌ಎಕ್ಯೂ'ಗೆ ಬಿಟ್ಟ ಜಾಗದಲ್ಲಿ 'ಪದೇ ಪದೇ ಕೇಳುವ ಪ್ರಶ್ನೆಗಳು' ಕೂರಬೇಕಿತ್ತು. 'ಸ್ತ್ರೀಶಕ್ತಿ ಗುಂಪುಗಳಿಗೆ ಸಾಲ' ಅನ್ನುವ ತಲೆಬರಹದ ಒತ್ತುಗಳು ಕೆಳಗೆ ಕತ್ತರಿಸಿ ಹೋಗಿದ್ದವು. ಲೈನ್ ಹೈಟ್, ಅಂದರೆ ಒಂದು ಸಾಲಿಗೆ ಬಿಡುವ ಎತ್ತರ, ಅಕ್ಷರದ ಗಾತ್ರದ 1.2 ಪಟ್ಟು ಇತ್ತು. ಇಂಗ್ಲಿಷ್ ತಲೆಬರಹಕ್ಕೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ಅಲ್ವಾ? 1.6 ಮಾಡಿದೆ. ಅಕ್ಷರ ಸರಿಯಾಯ್ತು, ಉಳಿದ ಅಳತೆಯೆಲ್ಲ ತಪ್ಪಿತು. ಡಿಸೈನರ್‌ಗೆ ತುಂಬಾ ಬೇಜಾರಾಯ್ತು. ಅವರ ಬೇಜಾರು ನ್ಯಾಯವೇ. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಈಗ ಮೊದಲ ದಿನವೇ ಕ್ಲೈಂಟ್ ಹತ್ತಿರ ನಿಜವಾದ ಬರಹ ಕೇಳುತ್ತೇವೆ. ಪೂರ್ತಿ ಬೇಡ. ಐದಾರು ತಲೆಬರಹ, ಇರುವುದರಲ್ಲೇ ಉದ್ದದ ಹೆಸರು, ಒಂದು ದರಪಟ್ಟಿ ಸಾಕು. ಡಿಸೈನರ್ ಅದನ್ನು 360 ಪಿಕ್ಸೆಲ್ ಅಗಲದ ಮೊಬೈಲ್ ಪರದೆಯಲ್ಲಿ ಕೂರಿಸುತ್ತಾರೆ. ಫಾಂಟ್ ನೋಟೋ ಸಾನ್ಸ್ ಕನ್ನಡವೋ ಬಲೂ ತಮ್ಮವೋ ಅನ್ನೋದೂ ಆಗಲೇ ತೀರ್ಮಾನ. ನಾನು ಒಂದೇ ಒಂದು ಪುಟ ಕಟ್ಟುತ್ತೇನೆ. ಬದಲಾವಣೆಗಳನ್ನು ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ಬಿಡದೆ ಒಂದು ಶೀಟಿನಲ್ಲಿ ಬರೆದಿಡುತ್ತೇವೆ. ಕ್ಲೈಂಟ್ ಕಡೆಯಿಂದ ಒಬ್ಬರೇ ಒಪ್ಪಿಗೆ ಕೊಡಬೇಕು.

ಆ ಪುಟವನ್ನು ಮೂವರೂ ಒಟ್ಟಿಗೆ ಕೂತು ನೋಡೋದು ನನಗೆ ಎಲ್ಲಕ್ಕಿಂತ ಮುಖ್ಯ. ಮೊನ್ನೆ ಇನ್ನೊಂದು ಸಂಘದ ಅಧ್ಯಕ್ಷರ ಕೈಗೆ ಫೋನ್ ಕೊಟ್ಟು ಸುಮ್ನೆ ಕೂತೆವು. ಅವರು ಮೇಲೆ ಕೆಳಗೆ ಸರಿಸಿ, "ಚಿನ್ನದ ಸಾಲದ ಬಡ್ಡಿ ಎಲ್ಲಿದೆ? ಜನ ಮೊದಲು ಕೇಳೋದೇ ಅದು" ಅಂದರು. ನಾವು ಅದನ್ನು ಮೂರನೇ ಪುಟಕ್ಕೆ ಹಾಕಿದ್ದೆವು. ಡಿಸೈನರ್ ಅಲ್ಲೇ ಲ್ಯಾಪ್‌ಟಾಪ್ ತೆಗೆದು ಅದನ್ನು ಮುಖಪುಟದ ಮೇಲ್ಗಡೆಗೆ ತಂದರು.